ಕಿಸೆಗೊಂದೇ ಚಾಕು ಇರಲಿ
ಸೇಡಂ, ಚಿಂಚೋಳಿ ಕಡೆ ಹೊಲಕ್ಕೆ ಹೋಗುವವರ ಕಿಸೆಯಲ್ಲಿ ಮಡಚುವ ಚಾಕು ಇದ್ದರೆ ದಿನದ ಅರ್ಧ ಕೆಲಸ ಸಲೀಸು. ತೊಗರಿ ಚೀಲದ ಸುತಳಿ ಕತ್ತರಿಸಬೇಕು, ಬುತ್ತಿ ಬಿಚ್ಚಿದಾಗ ಉಳ್ಳಾಗಡ್ಡಿ ಹೆಚ್ಚಬೇಕು. ಆದರೆ ಜಾತ್ರೆಗೊಂದು, ಸಂತೆಗೊಂದು ಹೊಸ ಚಾಕು ಕೊಳ್ಳುವ ಚಾಳಿ ಬೇಡ. ಕಟ್ಟಿಗೆಯ ಹಿಡಿ, ಒಂದೇ ಅಲಗು, ಮಡಚಿದರೆ ಅಂಗೈಯಲ್ಲಿ ಅಡಗುವ ಅಳತೆ: ಇಂಥದೊಂದನ್ನು ಆರಿಸಿ, ವರ್ಷಗಟ್ಟಲೆ ಅದನ್ನೇ ಬಳಸಿ. ತೂಕ ಕೈಗೆ ರೂಢಿಯಾದರೆ ಅಲಗು ಎಲ್ಲಿ ನಿಲ್ಲುತ್ತದೆಂಬುದು ನೋಡದೆಯೇ ತಿಳಿಯುತ್ತದೆ. ನಾನು ಕಂಡಂತೆ, ಬೆರಳು ಕೊಯ್ದುಕೊಳ್ಳುವುದು ಹೊಸ ಚಾಕುವಿನಲ್ಲೇ ಹೆಚ್ಚು.

ಸ್ಟೇನ್‌ಲೆಸ್ ಅಲ್ಲದ ಹಳೇ ನಮೂನೆಯ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಹುಣಸೆ, ನಿಂಬೆ ಕೊಯ್ದರೆ ಕಪ್ಪಾಗುತ್ತದೆ. ಕೂಡಲೇ ಒರೆಸಿ, ಮಡಚುವ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಅಡುಗೆಮನೆಯ ಕುಸುಬಿ ಎಣ್ಣೆ ಮಾತ್ರ ಬೇಡ, ಒಣಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು.

ಶಹಾಬಾದ್, ವಾಡಿ, ಚಿತ್ತಾಪುರದಲ್ಲಿ ಮನೆಮುಂದೆಯೇ ಫರಸಿ ಇರುತ್ತದೆ, ಅದಕ್ಕೇ ತಿಕ್ಕಿಬಿಡೋಣ ಅನ್ನಿಸುವುದು ಸಹಜ. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆದು. ಕಲ್ಲು ಸವೆದೀತೇ ಹೊರತು ಅಲಗು ಹರಿತವಾಗದು. ಒಳ್ಳೆಯ ಸಾಣೆಕಲ್ಲು ತನ್ನಿ.

ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಗೊಡವೆಗೆ ಹೋಗಬೇಡಿ. ಅದು ಹೊಲದ ಕೆಲಸದ್ದಲ್ಲ, ಠಾಣೆಯ ದಾರಿಯದು. ಇನ್ನೊಂದು ಮಾತು: 2019ರಲ್ಲಿ ಕಲಬುರಗಿಗೂ ವಿಮಾನ ನಿಲ್ದಾಣ ಬಂದಿದೆ. ಅಲ್ಲಿಂದ ಹೊರಡುವ ದಿನ ಕಿಸೆ ತಡವಿಕೊಂಡು ನೋಡಿ, ಚಾಕು ಮನೆಯಲ್ಲೇ ಇರಲಿ.