ಒಬ್ಬರೇ ಕೂತು ಹೊಲಿಯಬೇಡಿ

ಅನ್ಯಾಯ ಕಂಡಾಗ ನಿಮ್ಮ ಕೈ ಮೊದಲು ಫೋನಿಗೆ ಹೋಗುತ್ತದೆ. ಅದು ತಪ್ಪು ಎನ್ನುವಷ್ಟು ಹಳೇ ಕಾಲದವಳಲ್ಲ ನಾನು. ಆದರೆ ಸಿಟ್ಟು ಸಂಜೆಯೊಳಗೆ ಆರಿಹೋಗುತ್ತದೆ, ಸಂಕಟ ಮಾತ್ರ ನಿಮ್ಮೊಬ್ಬರ ಪಾಲಿಗೆ ಉಳಿಯುತ್ತದೆ. ಅದಕ್ಕೇ ಚಿಲಿ ದೇಶದ ಹೆಂಗಸರ ವಿಷಯ ಹೇಳಬೇಕೆನಿಸಿತು.

1973ರ ಸೆಪ್ಟೆಂಬರ್ 11ರಂದು ಅಲ್ಲಿ ಜನರಲ್ ಪಿನೊಚೆಯ ಸೇನೆ ಅಧಿಕಾರ ಕಿತ್ತುಕೊಂಡಿತು. ಬೆನ್ನಿಗೇ ಜನ ಕಾಣೆಯಾಗತೊಡಗಿದರು. ತಾಯಂದಿರು, ಹೆಂಡಿರು ಜೈಲು, ಆಸ್ಪತ್ರೆ, ಶವಾಗಾರಗಳ ಬಾಗಿಲು ಅಲೆದರು. ಹಿಡಿದೊಯ್ದದ್ದನ್ನೇ ಯಾರೂ ಒಪ್ಪಲಿಲ್ಲ. ಮಣ್ಣು ಮಾಡಲು ದೇಹವಿಲ್ಲ, ಮನೆಯಲ್ಲಿ ದುಡಿಯುವವರಿಲ್ಲ.

ರಾಜಧಾನಿ ಸ್ಯಾಂಟಿಯಾಗೋದಲ್ಲಿ ಚರ್ಚು ಅವರಿಗೆ ಒಟ್ಟಿಗೆ ಕೂತು ಹೊಲಿಯಲು ಜಾಗ ಕೊಟ್ಟಿತು. 1976ರಲ್ಲಿ ಕಾರ್ಡಿನಲ್ ರಾವುಲ್ ಸಿಲ್ವಾ ಹೆನ್ರಿಕೆಸ್ ಕಟ್ಟಿದ 'ವಿಕಾರಿಯಾ' ಸಂಸ್ಥೆ ಆ ಹೊಲಿಗೆ ಕೂಟಗಳ ಬೆನ್ನಿಗೆ ನಿಂತಿತು. ಹೆಂಗಸರು ಅಲ್ಲಿಗೆ ಹೋದದ್ದು ಕಲೆಯ ಹಂಬಲದಿಂದಲ್ಲ, ಮಕ್ಕಳ ಹೊಟ್ಟೆಗೆ ನಾಲ್ಕು ಕಾಸು ಬೇಕಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೊಟ್ಟೆಪಾಡು ಬೇರೆ, ಹೋರಾಟ ಬೇರೆ ಎಂಬ ಭ್ರಮೆ ನಿಮ್ಮಲ್ಲಿ ಅನೇಕರಿಗಿದೆ.

ಗೋಣಿಬಟ್ಟೆಯ ಮೇಲೆ ಚಿಂದಿಗಳನ್ನು ಜೋಡಿಸಿ ಅವರು ಹೊಲಿದ ಚಿತ್ರಕ್ಕೆ 'ಅರ್ಪಿಯೆರಾ' ಎಂದು ಹೆಸರು. ಕೌದಿ ಹೊಲಿಯುವ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರ ಕೈಗೆ ಇದು ಹೊಸದೆನಿಸದು. ಕಾಣೆಯಾದವರ ಅಂಗಿಯ ತುಂಡನ್ನೇ ಸೇರಿಸಿದವರೂ ಇದ್ದರು. ಹಿಂದೆ ಆಂಡಿಸ್ ಬೆಟ್ಟಸಾಲು, ಮೇಲೆ ಢಾಳಾದ ಸೂರ್ಯ. ಮುಂದೆ ನೋಡಿದರೆ ಮನೆಗೆ ನುಗ್ಗಿದ ಪೊಲೀಸರು, ಇಡೀ ಕೇರಿಗೆ ಬೇಯುತ್ತಿರುವ ಒಂದೇ ಕೊಪ್ಪರಿಗೆ, 'ಅವರೆಲ್ಲಿ?' ಎಂದು ಫೋಟೋ ಹಿಡಿದು ನಿಂತ ಹೆಂಗಸರು. ಹೊಲಿಗೆಯೆಂದರೆ ಹೆಂಗಸರ ಕೆಲಸ ಎಂಬ ತಾತ್ಸಾರವೇ ಮೊದಮೊದಲು ಅವರನ್ನು ಕಾಪಾಡಿತು. ಹೆಚ್ಚಿನವುಗಳಲ್ಲಿ ಹೊಲಿದವಳ ಹೆಸರಿಲ್ಲ. ಅವು ಗುಟ್ಟಾಗಿ ಹೊರದೇಶಗಳನ್ನು ಸೇರಿ ಮಾರಾಟವಾದವು. ಆಮೇಲೆ ಸರ್ಕಾರದ ಪರವಾದ ಪತ್ರಿಕೆಗಳು ಇದು ದೇಶಕ್ಕೆ ಮಸಿ ಬಳಿಯುವ ಕೆಲಸವೆಂದು ಹರಿಹಾಯ್ದವು. ಬಟ್ಟೆಚೂರಿಗೆ ಅಷ್ಟು ಹೆದರಿದರೆಂದರೆ ಅದರಲ್ಲಿದ್ದುದು ನಿಜವೇ ಇರಬೇಕಲ್ಲ!

ಆದರೆ ಸೂಜಿಯೇ ಸರ್ವಾಧಿಕಾರಿಯನ್ನು ಇಳಿಸಿತು ಎಂದು ಎಲ್ಲೂ ಭಾಷಣ ಮಾಡಬೇಡಿ. 1988ರ ಜನಮತಗಣನೆಯಲ್ಲಿ ಜನ ಬೇಡವೆಂದರು, 1990ರಲ್ಲಿ ಅವನು ಕುರ್ಚಿ ಬಿಟ್ಟ. ಕಾಣೆಯಾದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಏನಾದರೆಂಬುದು ಇಂದಿಗೂ ತಿಳಿದಿಲ್ಲ. ಅಷ್ಟು ವರ್ಷ ಆ ಹೆಂಗಸರು ಕುಸಿಯದೆ ಕೇಳುತ್ತಲೇ ಇದ್ದರಲ್ಲ, ಅದಕ್ಕೆ ಕಾರಣ ಒಟ್ಟಿಗೆ ಕೂತದ್ದು ಎಂದೇ ನನ್ನ ನಂಬಿಕೆ. ತನ್ನೊಬ್ಬಳ ಹಣೆಬರಹ ಎಂದುಕೊಂಡಿದ್ದವಳಿಗೆ ಪಕ್ಕದವಳ ಬಟ್ಟೆಯಲ್ಲೂ ಅದೇ ಕಥೆ ಕಂಡಿತು.

ನಿಮ್ಮ ಬೀದಿಯಲ್ಲೂ ನ್ಯಾಯಕ್ಕಾಗಿ ಕಚೇರಿ ಕಚೇರಿ ಅಲೆಯುತ್ತಿರುವ ಮನೆಯೊಂದು ಇದ್ದೀತು. ಫೋಟೋ ತೆಗೆಯುವ ಮೊದಲು ಅವರ ಜೊತೆ ಕೂರಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಕೈಗೆ ಏನಾದರೂ ಕೆಲಸ ಇಟ್ಟುಕೊಂಡು ಕೂರಿ. ಅವರು ಬಾಯಿಬಿಟ್ಟರೆ ಕೇಳಿಸಿಕೊಳ್ಳಿ, ಬಿಡದಿದ್ದರೆ ಕೆದಕಬೇಡಿ. ಮಾಡಿದ್ದನ್ನು ಮಾರಿದರೆ ದುಡ್ಡು ನೇರವಾಗಿ ಆ ಮನೆಯ ಹೆಂಗಸಿನ ಕೈಗೆ ಹೋಗಲಿ, ನಿಮ್ಮ ಸಂಘದ ಬ್ಯಾನರಿಗಲ್ಲ.