ಸ್ಯಾಂಪ್ಲರ್ ಒಳಗೆ ತಂಬೂರ: ಲೆವೆಲ್ ಎಷ್ಟು, ನಾಯ್ಸ್ ಎಷ್ಟು?

ಮಾಡ್ಯುಲರ್ ಸಿಂಥಸೈಜರ್ ಅಂದ್ರೆ ಒಂದು ಇಡೀ ವಾದ್ಯ ಅಲ್ಲ, ಪುಟ್ಟ ಪುಟ್ಟ ಪ್ಯಾನೆಲ್‌ಗಳ ಸಾಲು. ಒಂದು ಸ್ವರ ಹುಟ್ಟಿಸುತ್ತೆ, ಇನ್ನೊಂದು ಫಿಲ್ಟರ್ ಮಾಡುತ್ತೆ, ಮತ್ತೊಂದು ಸದ್ದನ್ನು ಏರಿಸಿ ಇಳಿಸುತ್ತೆ. ಯಾವುದರಿಂದ ಯಾವುದಕ್ಕೆ ವೈರ್ ಹಾಕಬೇಕು ಅನ್ನೋದು ನುಡಿಸುವವರ ಇಷ್ಟ. ಇದು ನಮ್ಮ ದೇಶಕ್ಕೆ ಹೊಸದೇನಲ್ಲ. 1969ರಲ್ಲೇ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಮೂಗ್ ಕಂಪನಿಯ ಮಾಡ್ಯುಲರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಜೋಡಿಸಿಕೊಟ್ಟರು. ಈ ಸಾಲಿನಲ್ಲಿ ಸ್ಯಾಂಪ್ಲಿಂಗ್ ಮಾಡ್ಯೂಲ್‌ನ ಕೆಲಸ ಹೊರಗಿನ ಸದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಕೇಳಿದಾಗ ಕೇಳಿದ ಶ್ರುತಿಯಲ್ಲಿ ವಾಪಸ್ ಕೊಡೋದು.

ನಾವು ಅದರೊಳಗೆ ಇಡೋಕೆ ಹೊರಟಿರೋದು ಒಂದು ತಂಬೂರ. ನಮ್ಮ ಗುಂಪಿನ ಒಬ್ಬನ ಅಜ್ಜಿ ಚಾಮರಾಜಪೇಟೆಯಲ್ಲಿದ್ದಾರೆ. ಅವರ ತಂಬೂರ ಐದು ಮನೆ ಶ್ರುತಿಯದು, ಹಳೇದು. ಬೆರಳಿನ ಗಂಟು ನೋವು ಬಂದಮೇಲೆ ಅಜ್ಜಿಗೆ ಐದು ನಿಮಿಷಕ್ಕಿಂತ ಹೆಚ್ಚು ಮೀಟೋಕೆ ಆಗಲ್ಲ, ಆದ್ರೆ ಪಾಠ ನಿಲ್ಲಿಸಿಲ್ಲ. ಫೋನಿನಲ್ಲಿ ಆಪ್ ಹಾಕಿಕೊಟ್ಟರೆ "ಚೆನ್ನಾಗಿದೆ ಕಣೋ, ಆದ್ರೆ ಅದು ನಮ್ಮನೆ ತಂಬೂರ ಅಲ್ವಲ್ಲ" ಅಂತಾರೆ. ಎಲೆಕ್ಟ್ರಾನಿಕ್ ತಂಬೂರವನ್ನು ಮನೆಮನೆಗೆ ತಂದವರಲ್ಲಿ ಮುಖ್ಯರಾದ ಜಿ. ರಾಜನಾರಾಯಣ್, ರೇಡೆಲ್ ಸಂಸ್ಥೆಯವರು, ನಮ್ಮ ಬೆಂಗಳೂರಿನವರೇ. ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಅವರು ಎಲ್ಲರಿಗೂ ಆಗುವ ತಂಬೂರ ಮಾಡಿದರು; ನಮಗೆ ಬೇಕಿರೋದು ಒಬ್ಬರ ತಂಬೂರ.

ಬೇರೆ ವಾದ್ಯಕ್ಕಿಂತ ತಂಬೂರ ಯಾಕೆ ಕಷ್ಟ? ಕಾರಣ ಕುದುರೆ ಮೇಲಿದೆ. ತಂಬೂರದ ಕುದುರೆ ಅಗಲವಾಗಿ, ಸ್ವಲ್ಪ ಬಾಗಿ ಇರುತ್ತೆ. ತಂತಿಯ ಕೆಳಗೆ ಒಂದು ಎಳೆ ನೂಲು ಸಿಕ್ಕಿಸ್ತಾರೆ. ಅದೇ ಜೀವಾಳಿ. ತಂತಿ ಅದುರುವಾಗ ಕುದುರೆಯನ್ನು ಸವರಿ ಸವರಿ ಹೋಗುತ್ತೆ, ಅದರಿಂದ ಮೇಲಿನ ಹಾರ್ಮೋನಿಕ್‌ಗಳು ಹುಟ್ತವೆ. ಸಾಮಾನ್ಯ ತಂತಿಯನ್ನು ಒಂದು ಹಾರ್ಮೋನಿಕ್‌ನ ನೋಡ್ ಇರೋ ಜಾಗದಲ್ಲೇ ಮೀಟಿದರೆ ಆ ಹಾರ್ಮೋನಿಕ್ ಕೇಳಬಾರದು. ತಂಬೂರದಲ್ಲಿ, ವೀಣೆಯಲ್ಲಿ ಅದೂ ಕೇಳುತ್ತೆ. ಇದನ್ನು 1921ರಲ್ಲೇ ಬರೆದು ಪ್ರಕಟಿಸಿದವರು ಸಿ.ವಿ. ರಾಮನ್. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಅವರ ಮನೆ 'ಪಂಚವಟಿ' ಮಲ್ಲೇಶ್ವರದಲ್ಲೇ ಇದೆ. ನಮ್ಮಲ್ಲಿ ಕೆಲವರು ದಿನಾ ಅದೇ ದಾರೀಲಿ ಓಡಾಡ್ತೀವಿ.

ಈ ಹಾರ್ಮೋನಿಕ್‌ಗಳು ಮೀಟಿದ ಕ್ಷಣದಲ್ಲಿ ಪೂರ್ತಿ ಬಂದುಬಿಡಲ್ಲ. ಮೀಟಿದ ಮೇಲೆ ನಿಧಾನವಾಗಿ ಅರಳ್ತವೆ, ಆಗ ಒಟ್ಟು ಸದ್ದು ಇಳೀತಾ ಇರುತ್ತೆ. ಅಂದ್ರೆ ತಂಬೂರದ ಅತಿ ಮುಖ್ಯ ಭಾಗವೇ ಅತಿ ಮೆಲ್ಲಗಿನ ಭಾಗ. ಲೆವೆಲ್ ಕಮ್ಮಿ ಇಟ್ಟರೆ ಅದು ನಾಯ್ಸ್ ಒಳಗೆ ಮುಳುಗುತ್ತೆ. ಜಾಸ್ತಿ ಇಟ್ಟರೆ ಏನಾಗುತ್ತೆ ಅನ್ನೋದು ಇನ್ನೂ ಸ್ವಾರಸ್ಯ, ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಲೆಕ್ಕ. ಯೂರೋರ‍್ಯಾಕ್ ಮಾಡ್ಯೂಲ್‌ಗಳ ನಡುವೆ ಓಡಾಡೋ ಆಡಿಯೋ ಸಿಗ್ನಲ್ ಸಾಮಾನ್ಯವಾಗಿ ಮೈನಸ್ 5ರಿಂದ ಪ್ಲಸ್ 5 ವೋಲ್ಟ್. ಕಾಲೇಜು ಫಂಕ್ಷನ್‌ಗಳಲ್ಲಿ ಬಳಸುವಂಥ ಡೈನಾಮಿಕ್ ಮೈಕ್ 94 ಡೆಸಿಬೆಲ್ ಸದ್ದಿಗೆ ಕೊಡೋದು ಸುಮಾರು 2 ಮಿಲಿವೋಲ್ಟ್. ತಂಬೂರದ ಹತ್ತಿರ 64 ಡೆಸಿಬೆಲ್ ಇದೆ ಅಂತ ಇಟ್ಟುಕೊಳ್ಳೋಣ. 30 ಡೆಸಿಬೆಲ್ ಕಮ್ಮಿ ಅಂದ್ರೆ ಸಿಗೋದು ಸುಮಾರು 60 ಮೈಕ್ರೋವೋಲ್ಟ್. ಪೀಕ್ ಅದರ ನಾಲ್ಕರಷ್ಟು, 240 ಮೈಕ್ರೋವೋಲ್ಟ್. ಇದನ್ನು ಎರಡೂವರೆ ವೋಲ್ಟ್‌ಗೆ ಎತ್ತಬೇಕಾದ್ರೆ ಹತ್ತು ಸಾವಿರ ಪಟ್ಟು ಗೇನ್ ಬೇಕು, ಅಂದ್ರೆ 80 ಡೆಸಿಬೆಲ್. ಮೈಕ್ ವೈರನ್ನು ನೇರವಾಗಿ ಮಾಡ್ಯೂಲ್‌ಗೆ ಸಿಕ್ಕಿಸಿದರೆ ಏನೂ ಕೇಳಿಸದೇ ಇರೋದು ಇದಕ್ಕೇ. ಮಾಡ್ಯೂಲ್ ಕೆಟ್ಟಿಲ್ಲ!

ಈ ಗೇನ್ ಎಲ್ಲಿ ಹಾಕ್ತೀವಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಎಸ್‌ಪಿ ರೋಡಿನಲ್ಲಿ ಕೇಳಿದ ತಕ್ಷಣ ಸಿಗೋ ಎರಡು ಆಪ್-ಆಂಪ್ ತಗೊಳ್ಳೋಣ. ಟಿಎಲ್072ರ ಇನ್‌ಪುಟ್ ನಾಯ್ಸ್ ಡೇಟಾಶೀಟ್ ಪ್ರಕಾರ ರೂಟ್ ಹರ್ಟ್ಜ್‌ಗೆ 18 ನ್ಯಾನೋವೋಲ್ಟ್, ಎನ್‌ಇ5532ರದು 5. ಕಿವಿಗೆ ಕೇಳೋ 20 ಕಿಲೋಹರ್ಟ್ಜ್‌ಗೆ ಲೆಕ್ಕ ಹಾಕಿದರೆ (20,000ದ ವರ್ಗಮೂಲ ಸುಮಾರು 141) ಮೊದಲನೆಯದು ಎರಡೂವರೆ ಮೈಕ್ರೋವೋಲ್ಟ್, ಎರಡನೆಯದು 0.7. ನಮ್ಮ 60 ಮೈಕ್ರೋವೋಲ್ಟ್ ತಂಬೂರದ ಪಕ್ಕ ಇಟ್ಟರೆ, ಟಿಎಲ್072 ಮೊದಲು ಬಂದಾಗ ಸಿಗ್ನಲ್ ನಾಯ್ಸ್‌ಗಿಂತ 28 ಡೆಸಿಬೆಲ್ ಮೇಲಿರುತ್ತೆ, ಎನ್‌ಇ5532 ಬಂದಾಗ ಹತ್ತಿರ ಹತ್ತಿರ 39. ಹತ್ತಿಪ್ಪತ್ತು ರೂಪಾಯಿ ಐಸಿ ಬದಲಾಯಿಸಿದ್ದಕ್ಕೆ 11 ಡೆಸಿಬೆಲ್ ಲಾಭ. ಮೈಕ್‌ನ 150 ಓಮ್ ಕಾಯಿಲ್ ತಾನೇ 0.22 ಮೈಕ್ರೋವೋಲ್ಟ್ ಶಾಖದ ನಾಯ್ಸ್ ಕೊಡುತ್ತೆ, ಹಾಗಾಗಿ ಎಷ್ಟೇ ದುಬಾರಿ ಪ್ರೀಆಂಪ್ ತಂದರೂ ಈ ಮೈಕಿಗೆ 49 ದಾಟಲ್ಲ.

ಆದ್ರೆ ಹತ್ತು ಸಾವಿರ ಪಟ್ಟನ್ನು ಒಂದೇ ಸ್ಟೇಜಿನಲ್ಲಿ ಹಾಕಬೇಡಿ. ಎನ್‌ಇ5532ರ ಗೇನ್-ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಜ್. ಅದನ್ನು 10,000ದಿಂದ ಭಾಗಿಸಿದರೆ ಉಳಿಯೋದು ಬರೀ 1 ಕಿಲೋಹರ್ಟ್ಜ್. ಜೀವಾಳಿ ಅಲ್ಲೇ ಖತಂ. ಮೊದಲು ಎನ್‌ಇ5532ರಲ್ಲಿ ನೂರು ಪಟ್ಟು, ಆಮೇಲೆ ನೂರು ಪಟ್ಟು. ಎರಡನೇ ಸ್ಟೇಜಿಗೆ ಟಿಎಲ್072 ಹಾಕಿದರೂ ಪರವಾಗಿಲ್ಲ, ಅದರ ನಾಯ್ಸ್ ಇನ್‌ಪುಟ್ ಲೆಕ್ಕದಲ್ಲಿ ನೂರರಲ್ಲಿ ಒಂದು ಭಾಗ ಆಗಿಬಿಡುತ್ತೆ. ಉಲ್ಟಾ ಜೋಡಿಸಿದರೆ ಈ ಲಾಭ ಪೂರ್ತಿ ಹೋಯ್ತು. ಇನ್ನು, ದುಡ್ಡೇ ಖರ್ಚಿಲ್ಲದ ಗೇನ್ ಅಂದ್ರೆ ಮೈಕನ್ನು ಹತ್ತಿರ ತರೋದು: ದೂರ ಅರ್ಧ ಆದ್ರೆ ಹೆಚ್ಚುಕಮ್ಮಿ 6 ಡೆಸಿಬೆಲ್. ತೀರಾ ಬುರುಡೆಗೆ ಅಂಟಿಸಿದರೆ ಮಂದ್ರ ಊದಿಕೊಂಡ ಹಾಗೆ ಕೇಳುತ್ತೆ, ಒಂದು ಗೇಣು ಸಾಕು.

ಕೊನೇ ಮೆಟ್ಟಿಲು ಡಿಜಿಟಲ್. ನಾವು ಬಳಸ್ತಿರೋ ಡೈಸಿ ಸೀಡ್ ಬೋರ್ಡಿನ ಕೋಡೆಕ್ 24 ಬಿಟ್. ಅದು ಯೂರೋರ‍್ಯಾಕ್ ವೋಲ್ಟೇಜನ್ನು ನೇರ ತಗೊಳ್ಳಲ್ಲ, ರೆಸಿಸ್ಟರ್ ಡಿವೈಡರ್ ಹಾಕಿ ಇಳಿಸಬೇಕು. ಒಂದು ಬಿಟ್‌ಗೆ 6 ಡೆಸಿಬೆಲ್ ಅಂತ ಕ್ಲಾಸಲ್ಲಿ ಓದಿದ್ದೀವಲ್ಲ, 24 ಬಿಟ್ ಇದ್ದಾಗ ಮೀಟರ್ ಪೂರ್ತಿ ತುಂಬಿಸಲೇಬೇಕು ಅನ್ನೋ ಹಟ ಬೇಡ. ನಾಯ್ಸ್ ಬರ್ತಿರೋದು ಕೋಣೆಯಿಂದ, ಪ್ರೀಆಂಪ್‌ನಿಂದ, ಕನ್ವರ್ಟರ್‌ನಿಂದ ಅಲ್ಲ. ಅತಿ ಜೋರು ಮೀಟಿಗೂ ಮೇಲೆ 6ರಿಂದ 10 ಡೆಸಿಬೆಲ್ ಜಾಗ ಬಿಡಿ. ಮೈಕ್ರೋಕಂಟ್ರೋಲರ್‌ನ 12 ಬಿಟ್ ಕನ್ವರ್ಟರ್ ಬಳಸೋರಿಗೆ ಇಷ್ಟು ಧಾರಾಳ ನಡೆಯಲ್ಲ. ಅಲ್ಲಿ ಥಿಯರಿಯಲ್ಲೇ ಇರೋದು 74 ಡೆಸಿಬೆಲ್.

ಈಗ ಹಮ್. ಇದೇ ನಿಜವಾದ ಶತ್ರು ಅಂತ ನಮ್ಮ ಅಭಿಪ್ರಾಯ, ಯಾಕಂದ್ರೆ ಅದು ತಂಬೂರದ ವೇಷ ಹಾಕ್ಕೊಂಡು ಬರುತ್ತೆ. ಐದು ಮನೆ ಶ್ರುತಿಯಲ್ಲಿ ಷಡ್ಜ 196 ಹರ್ಟ್ಜ್, ಮಂದ್ರ ತಂತಿ 98. ನಮ್ಮ ಕರೆಂಟು 50 ಹರ್ಟ್ಜ್. ಫುಲ್-ವೇವ್ ರೆಕ್ಟಿಫೈಯರ್ ರಿಪಲ್ 100, ಅದರ ಮೇಲಿನದು 200. ಅಂದ್ರೆ 98ರ ಪಕ್ಕ 100, 196ರ ಪಕ್ಕ 200! ಸೆಕೆಂಡಿಗೆ ಎರಡು ಸಲ, ನಾಲ್ಕು ಸಲ ಅಲೆ ಅಲೆಯಾಗಿ ಬೀಟ್ಸ್ ಕೇಳುತ್ತೆ. ಕೇಳಿದವರು ಕರೆಂಟನ್ನು ಬೈಯಲ್ಲ, ತಂಬೂರ ಶ್ರುತಿ ಸೇರಿಲ್ಲ ಅಂತಾರೆ. ಮಣಿ ಸರಿಸಿ ಸರಿಸಿ ಸುಸ್ತಾದರೂ ಅದು ಸೇರಲ್ಲ. ಫಿಲ್ಟರ್ ಹಾಕಿ 100 ತೆಗೆಯೋಣ ಅಂದ್ರೆ ಜೊತೆಗೆ 98ರ ಮಂದ್ರವೂ ಹೋಗುತ್ತೆ. ಆದ್ದರಿಂದ ಒಳಗೆ ಬರೋಕೆ ಬಿಡಲೇಬಾರದು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಲಿ. ಮಿಕ್ಕಿದ್ದೆಲ್ಲಾ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ. ಹಜಾರದ ಪ್ಲಗ್ ಒಂದು, ರೂಮಿನ ಪ್ಲಗ್ ಒಂದು ಬೇಡ, ಗ್ರೌಂಡ್ ಲೂಪ್ ಆಗುತ್ತೆ. ಮೈಕ್‌ಗೆ ಬ್ಯಾಲೆನ್ಸ್ಡ್ ಕೇಬಲ್. ಹಳೇ ತರದ ತಿರುಗಿಸೋ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಪಕ್ಕದ ರೂಮಿನಲ್ಲಿದ್ದರೂ ಆಫ್ ಮಾಡಿ, ಗರ್ ಅನ್ನೋ ಸದ್ದು ಅಲ್ಲಿಂದ್ಲೂ ಬರಬಹುದು. ಹಮ್ ಹೋಗುತ್ತೆ ಅಂತ ಅರ್ಥಿಂಗ್ ಪಿನ್ ಕಿತ್ತುಹಾಕೋ ಸಲಹೆ ಕೆಲವರು ಕೊಡ್ತಾರೆ. ದಯವಿಟ್ಟು ಬೇಡ, ಪ್ರಾಣಕ್ಕೆ ಅಪಾಯ.

ಕ್ಲಿಪಿಂಗ್ ವಿಷಯ ಬಾಕಿ ಇತ್ತು. ಲೆವೆಲ್ ಜಾಸ್ತಿಯಾಗಿ ವೇವ್‌ನ ತಲೆ ಕತ್ತರಿಸಿಹೋದಾಗ ಹೊಸ ಹಾರ್ಮೋನಿಕ್‌ಗಳು ಹುಟ್ತವೆ. ಹಾಡಿನಲ್ಲಾದ್ರೆ ತಕ್ಷಣ ಒಡಕು ಕೇಳುತ್ತೆ. ತಂಬೂರದಲ್ಲಿ? 98ರ ಹಾರ್ಮೋನಿಕ್‌ಗಳು 196, 294, 392, ಎಲ್ಲಾ ತಂಬೂರದಲ್ಲಿ ಮೊದಲೇ ಇರೋವೇ. ಪಂಚಮದ 147 ಮತ್ತು ಮಂದ್ರದ 98 ಬೆರೆತರೆ ಹುಟ್ಟೋ 49, 245 ಕೂಡ ಅದೇ ಲೆಕ್ಕಕ್ಕೆ ಸೇರ್ತವೆ. ಸುಳ್ಳು ಜೀವಾಳಿ ಶ್ರುತಿಬದ್ಧವಾಗೇ ಇರುತ್ತೆ, "ಆಹಾ ಎಷ್ಟು ಝೇಂಕಾರ" ಅನ್ನಿಸುತ್ತೆ. ಹಿಡಿಯೋಕೆ ಎರಡು ದಾರಿ. ಒಂದು ಕಿವಿ: ನಿಜವಾದ ಜೀವಾಳಿ ಮೀಟಿದ ಮೇಲೆ ಅರಳುತ್ತೆ; ಕ್ಲಿಪಿಂಗ್ ಸದ್ದು ಜೋರಿರೋ ಆ ಕ್ಷಣ ಮಾತ್ರ ಇದ್ದು ಮಾಯವಾಗುತ್ತೆ. ಇನ್ನೊಂದು, ನೂಲು ತೆಗೆದು ಅದೇ ಲೆವೆಲ್‌ನಲ್ಲಿ ಮೀಟಿ ರೆಕಾರ್ಡ್ ಮಾಡೋದು. ಮೀಟಿದ ಕ್ಷಣದ ಝೇಂಕಾರ ಆಗಲೂ ಹಾಗೇ ಉಳಿದರೆ ಅದು ತಂಬೂರದ್ದಲ್ಲ, ಸರ್ಕ್ಯೂಟಿನದು. ನೂಲನ್ನು ವಾಪಸ್ ಸರಿಯಾದ ಜಾಗಕ್ಕೆ ಕೂರಿಸೋಕೆ ಗೊತ್ತಿರೋರು ಪಕ್ಕದಲ್ಲಿರಲಿ. ನಮಗೆ ಅಜ್ಜಿಯೇ ಇದ್ದರು.

ನಾಲ್ಕು ತಂತಿಯನ್ನು ಬೇರೆ ಬೇರೆ ಸ್ಯಾಂಪಲ್ ಮಾಡೋದಾ, ಒಂದು ಸುತ್ತು ಪೂರ್ತಿಯಾಗಿಯಾ? ಬೇರೆ ಬೇರೆ ಮಾಡಿದರೆ ಶ್ರುತಿ, ಲಯ ನಮ್ಮ ಕೈಲಿರುತ್ತೆ. ಆದ್ರೆ ನಾಲ್ಕೂ ಒಟ್ಟಿಗೆ ಕೇಳುವಾಗ ನಾಲ್ಕರ ನಾಯ್ಸ್ ಸೇರಿ 6 ಡೆಸಿಬೆಲ್ ಏರುತ್ತೆ. ನಾವು ಪೂರ್ತಿ ಸುತ್ತುಗಳನ್ನೇ ಆರಿಸಿಕೊಂಡ್ವಿ. ಬೋರ್ಡಿನ 64 ಎಂಬಿ ಮೆಮೊರಿಯಲ್ಲಿ 48 ಕಿಲೋಹರ್ಟ್ಜ್, 32 ಬಿಟ್ ಮೋನೋ ಸುಮಾರು ಐದೂಮುಕ್ಕಾಲು ನಿಮಿಷ ಹಿಡಿಯುತ್ತೆ. ಅದನ್ನು ಆದಷ್ಟು ಬಳಸಿ, ಉದ್ದ ಲೂಪ್ ಮಾಡಿ. ಮೂರು ಸೆಕೆಂಡಿನ ಲೂಪಿನಲ್ಲಿ ಒಂದು ಆಟೋ ಹಾರ್ನ್ ಸಿಕ್ಕಿಹಾಕಿಕೊಂಡರೆ ನಿಮಿಷಕ್ಕೆ ಇಪ್ಪತ್ತು ಸಲ ಅದೇ ಆಟೋ ಬರುತ್ತೆ. ಸಂಜೆ ರೆಕಾರ್ಡ್ ಮಾಡೋ ಆಸೆ ಬಿಡಿ: ತಳ್ಳುಗಾಡಿಯ ಮೈಕು, ದೇವಸ್ಥಾನದ ಗಂಟೆ, ಪಕ್ಕದ ಮನೆ ಸಂಪಿನ ಮೋಟರ್, ಎಲ್ಲಾ ಒಂದೇ ಸಲ. ರಾತ್ರಿ ಹನ್ನೊಂದರ ಮೇಲೆ, ಫ್ರಿಜ್ ಆಫ್ ಮಾಡಿ ಕೂತರೆ ಚಾಮರಾಜಪೇಟೆಯಲ್ಲೂ ನಿಶ್ಶಬ್ದ ಸಿಗುತ್ತೆ. ಫ್ರಿಜ್ ವಾಪಸ್ ಆನ್ ಮಾಡೋಕೆ ನೆನಪಿರಲಿ ಅಂತ ಕೀಲಿಕೈಯನ್ನು ಅದರೊಳಗೇ ಇಡಿ.

ಶುರು ಮಾಡೋ ಮುಂಚೆ, ಅದೇ ಗೇನ್‌ನಲ್ಲಿ, ಯಾರೂ ಏನೂ ಮೀಟದೆ ಮೂವತ್ತು ಸೆಕೆಂಡ್ ಖಾಲಿ ಕೋಣೆ ರೆಕಾರ್ಡ್ ಮಾಡ್ಕೊಳ್ಳಿ. ಸ್ಪೆಕ್ಟ್ರಮ್ ತೆಗೆದು 50, 100, 150, 200ರಲ್ಲಿ ಮುಳ್ಳು ಎದ್ದಿದೆಯಾ ನೋಡಿ. ಎದ್ದಿದ್ದರೆ ಒಂದೊಂದೇ ಪ್ಲಗ್ ಕೀಳ್ತಾ ಬನ್ನಿ, ಯಾವುದು ಕಿತ್ತಾಗ ಇಳೀತೋ ಅದೇ ಕಾರಣ. ಅಲ್ಲೀವರೆಗೂ ತಂಬೂರ ಗೋಡೆಗೆ ಒರಗಿಕೊಂಡಿರಲಿ.