ಮಧುಮೇಹವೂ ಮೂತ್ರಪಿಂಡಗಳೂ

ಸಿಹಿಯಾದ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಮಧುಮೇಹವೆಂಬ ಹೆಸರೇ ಆ ಲಕ್ಷಣವನ್ನು ಸಾರುತ್ತದೆ. ಇದು ವಯಸ್ಸಾದವರ ರೋಗವೆಂದು ಜನರು ಭಾವಿಸುವುದುಂಟು. ಆದರೆ ಇದರ ಒಂದನೆಯ ಬಗೆಯು ನಿಮ್ಮಂತಹ ಎಳೆಯರಲ್ಲಿಯೂ ತಲೆದೋರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದು ಇದಕ್ಕೆ ಕಾರಣ. ಇದು ಸಿಹಿ ತಿಂದುದರಿಂದ ಬಂದುದಲ್ಲ, ಅಂಟುರೋಗವೂ ಅಲ್ಲ.

1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲು ಇನ್ಸುಲಿನ್ ಚುಚ್ಚಲಾಯಿತು. ಅದುವರೆಗೆ ಈ ರೋಗ ತಗಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ಅವರು ದೀರ್ಘಕಾಲ ಬಾಳಬಲ್ಲರು. ಆದರೆ ಬಾಳು ದೀರ್ಘವಾದಂತೆ ಕಣ್ಣು, ನರ, ಮೂತ್ರಪಿಂಡಗಳ ರಕ್ಷಣೆಯ ಪ್ರಶ್ನೆಯು ಎದುರಾಯಿತು.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದೆಲ್ಲ ರಕ್ತಕ್ಕೆ ಮರಳುತ್ತದೆ. ಆಲ್ಬುಮಿನ್ ಎಂಬ ಸಸಾರಜನಕವನ್ನು ಒಳ್ಳೆಯ ಜರಡಿಯು ಬಹುತೇಕ ಹೊರಗೆ ಬಿಡುವುದಿಲ್ಲ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದ್ದರೆ ಈ ಜರಡಿಗಳು ಮೊದಮೊದಲು ಅತಿಯಾಗಿ ದುಡಿಯುತ್ತವೆ. ಬರಬರುತ್ತ ಅವುಗಳ ಪೊರೆಯು ದಪ್ಪವಾಗಿ ಕೆಡುತ್ತದೆ. ಆಲ್ಬುಮಿನ್ ಅಲ್ಪಸ್ವಲ್ಪವಾಗಿ ಸೋರತೊಡಗುತ್ತದೆ. ಆಗ ನೋವಿಲ್ಲ, ಬಾವಿಲ್ಲ. ಹುಡುಗನು ಎಂದಿನಂತೆ ಆಡಿಕೊಂಡಿರುತ್ತಾನೆ. ರೋಗದ ಕಪಟವಿರುವುದೇ ಇಲ್ಲಿ.

ಆದುದರಿಂದ ಪರೀಕ್ಷೆಯೊಂದೇ ದಾರಿ. ಬೆಳಗಿನ ಮೊದಲ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇರುವುದು ಸಹಜ. ಅದು 30ರಿಂದ 300ರವರೆಗೆ ಏರಿದರೆ ಎಚ್ಚರಿಕೆಯ ಗಂಟೆ. ರೋಗವು ಬಂದು ಕೆಲವು ವರ್ಷಗಳಾದ ಮಕ್ಕಳಿಗೆ, ಹತ್ತು ಹನ್ನೊಂದರ ಪ್ರಾಯದಿಂದ ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕು. ಜ್ವರ ಬಂದಾಗಲೂ ಕಠಿಣವಾಗಿ ಆಡಿದಾಗಲೂ ಆಲ್ಬುಮಿನ್ ತಾತ್ಕಾಲಿಕವಾಗಿ ಹೆಚ್ಚುವುದುಂಟು. ಆದಕಾರಣ ಕೆಲವು ತಿಂಗಳುಗಳಲ್ಲಿ ಮೂರು ಸಲ ಪರೀಕ್ಷಿಸಿ, ಎರಡು ಸಲವಾದರೂ ಹೆಚ್ಚಾಗಿದ್ದರೆ ಮಾತ್ರ ವೈದ್ಯರು ನಿರ್ಣಯಕ್ಕೆ ಬರುತ್ತಾರೆ.

ಈ ಹಂತದಲ್ಲಿ ಹತಾಶೆಗೆ ಎಡೆಯಿಲ್ಲ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 13ರಿಂದ 39 ವರ್ಷದ 1441 ರೋಗಿಗಳ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. ಸಕ್ಕರೆಯನ್ನು ಕಟ್ಟುನಿಟ್ಟಾಗಿ ಹತೋಟಿಯಲ್ಲಿಟ್ಟವರಲ್ಲಿ ಈ ಮೊದಲ ಸೋರಿಕೆಯು ಶೇಕಡಾ 39ರಷ್ಟು ಕಡಿಮೆಯಾಯಿತು. ಆರಂಭದ ಸೋರಿಕೆಯು ಅನೇಕರಲ್ಲಿ ಹಿಮ್ಮೆಟ್ಟುವುದೂ ಉಂಟು. ರಕ್ತದೊತ್ತಡವನ್ನು ತಗ್ಗಿಸುವ ಕೆಲವು ಔಷಧಗಳೂ ಜರಡಿಯನ್ನು ಕಾಪಾಡುತ್ತವೆ.

ಆದರೆ ಹರೆಯವೇ ಕಷ್ಟದ ಕಾಲ. ಬೆಳವಣಿಗೆಯ ರಸಗಳು ಇನ್ಸುಲಿನ್ನಿನ ಬಲವನ್ನು ಕುಗ್ಗಿಸುತ್ತವೆ. ಅದರ ಮೇಲೆ ನಾಚಿಕೆಯೂ ಸೇರುತ್ತದೆ. ಗೆಳೆಯರು ನಕ್ಕಾರೆಂದು ಮಧ್ಯಾಹ್ನದ ಚುಚ್ಚುಮದ್ದನ್ನು ತಪ್ಪಿಸುವ ಮಗುವಿನ ಮೂತ್ರಪಿಂಡವು ಆ ನಗೆಯ ಬೆಲೆಯನ್ನು ತೆರಬೇಕಾಗುತ್ತದೆ. ಕೇರಳ ಸರಕಾರವು ಇಂತಹ ಮಕ್ಕಳ ನೆರವಿಗಾಗಿ ನಡೆಸುವ ಯೋಜನೆಗೆ 'ಮಿಠಾಯಿ' ಎಂದೇ ಹೆಸರಿಟ್ಟಿದೆ. ಆ ರಾಜ್ಯದಲ್ಲಿ ಕೊಚ್ಚಿ, ತಿರುವನಂತಪುರಗಳ ಮಕ್ಕಳಂತೆಯೇ ಕಾಸರಗೋಡಿನ ಕನ್ನಡದ ಮಕ್ಕಳೂ ಇದ್ದಾರೆ. ಸಿಹಿಯನ್ನು ಅಳೆದು ತಿನ್ನಬೇಕಾದವರಿಗೆ ಸಿಹಿಯಾದ ಹೆಸರಿನ ಆಸರೆ!

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿಯೂ ಅಂತಹ ಗೆಳೆಯನಿರಬಹುದು. ಅವನು ಸೂಜಿ ಹಿಡಿದಾಗ ನಗಬೇಡಿರಿ. ಅವನು ಬೆವರಿ ನಡುಗಿದರೆ ರಕ್ತದ ಸಕ್ಕರೆಯು ಇಳಿದಿರಬಹುದು. ಕೂಡಲೆ ಸಕ್ಕರೆಯನ್ನು ತಿನ್ನಿಸಿ, ಅಧ್ಯಾಪಕರನ್ನು ಕರೆಯಿರಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿರಿ. ಆ ಗೆಳೆಯನು ನೀವೇ ಆಗಿದ್ದರೆ, ಮದ್ದನ್ನು ಮರೆಮಾಡಬೇಡಿರಿ. ವರ್ಷದ ಪರೀಕ್ಷೆಯನ್ನು ತಪ್ಪಿಸಬೇಡಿರಿ. ಶಾಲೆಯ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು. ಪೂರ್ಣವಾಗಿ ಕೆಟ್ಟ ಮೂತ್ರಪಿಂಡವು ಮತ್ತೆ ಮೊದಲಿನಂತಾಗದು.